ಗೋಧಿ, ಬೂಸ್ಟು, ಬ್ಯಾಕ್ಟೀರಿಯಾ, ನೊಣ: ಒಬೈದ್ ಸಿದ್ದಿಕಿ ಪ್ರಕರಣ

ಕೃಷಿ ಮೇಳಕ್ಕೆ ಹೋಗಿ ಬಂದವರಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಗೊತ್ತೇ ಇರುತ್ತದೆ. ಟ್ರ್ಯಾಕ್ಟರು, ಹೊಸ ರಾಗಿ ತಳಿ, ಊಟಕ್ಕೆ ಉದ್ದದ ಸಾಲು. ಅದೇ ಆವರಣದೊಳಗೆ ಇನ್ನೊಂದು ಸಂಸ್ಥೆ ಇದೆ. ಅಲ್ಲಿ ಗಾಜಿನ ಶೀಸೆಗಳಲ್ಲಿ ನೊಣ ಸಾಕುತ್ತಾರೆ. ಬಾಳೆಹಣ್ಣು ಕಪ್ಪಾದಾಗ ಅಡುಗೆಮನೆಯಲ್ಲಿ ಮುತ್ತಿಕೊಳ್ಳುತ್ತವಲ್ಲ, ಅದೇ ಚಿಕ್ಕ ಗುಂಗುರು. ಸಂಸ್ಥೆಯ ಹೆಸರು ನ್ಯಾಷನಲ್ ಸೆಂಟರ್ ಫಾರ್ ಬಯಲಾಜಿಕಲ್ ಸೈನ್ಸಸ್. ಎಲ್ಲರ ಬಾಯಲ್ಲೂ ಎನ್‌ಸಿಬಿಎಸ್.

ಇದನ್ನು ಕಟ್ಟಿದವರು ಒಬೈದ್ ಸಿದ್ದಿಕಿ. ಮಾಲಿಕ್ಯುಲರ್ ಬಯಾಲಜಿಸ್ಟ್, ಅಂದರೆ ಜೀವಿಗಳ ನಡವಳಿಕೆಯನ್ನು ಅಣುಗಳ ಮಟ್ಟಕ್ಕೆ ಇಳಿದು ನೋಡುವವರು. ಅವರ ಬದುಕನ್ನು ಒಂದು ಪ್ರಕರಣವಾಗಿ ಬಿಡಿಸಿ ನೋಡಬೇಕು ಅಂತ ನನಗೆ ಅನಿಸಿದ್ದು ಒಂದು ವಿಚಿತ್ರಕ್ಕೆ. ಈ ಮನುಷ್ಯ ತಮ್ಮ ವೃತ್ತಿಜೀವನದಲ್ಲಿ ನಾಲ್ಕು ಜೀವಿಗಳನ್ನು ಹಿಡಿದರು. ಗೋಧಿ, ಬೂಸ್ಟು, ಬ್ಯಾಕ್ಟೀರಿಯಾ, ನೊಣ. ಮೊದಲನೆಯದನ್ನು ಬಿಟ್ಟಿದ್ದು ಅನಿವಾರ್ಯವಾಗಿ. ಉಳಿದ ಎರಡನ್ನು ಬಿಟ್ಟಿದ್ದು ಕೆಲಸ ಚೆನ್ನಾಗಿ ನಡೆಯುತ್ತಿದ್ದಾಗ. ನಲವತ್ತರ ಹತ್ತಿರ ಬಂದ ಪ್ರೊಫೆಸರೊಬ್ಬರು ಹೆಸರು ತಂದುಕೊಟ್ಟ ವಿಷಯ ಬಿಟ್ಟು ಎದ್ದು ಹೊರಟರೆ ನಮ್ಮ ಕಡೆ ಏನಂತಾರೆ? ‘ಇದ್ದದ್ದು ಸಾಲದಾ?’ ಅಂತಾರೆ, ಅಲ್ವಾ?

ಹಾಗೆ ಬಿಟ್ಟು ಹೋಗಿದ್ದರಿಂದ ಅವರಿಗೇನು ಸಿಕ್ಕಿತು, ಏನು ಕೈತಪ್ಪಿತು? ಅದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಆಲಿಕಲ್ಲು

ಹುಟ್ಟಿದ್ದು 1932ರ ಜನವರಿಯಲ್ಲಿ, ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ. ಓದಿದ್ದು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ. ಅಲ್ಲೇ ಸ್ವಲ್ಪ ಕಾಲ ಪಾಠ ಹೇಳಿ, ಆಮೇಲೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಗೆ ಬಂದರು. ಅಲ್ಲಿ ಗೋಧಿಯ ತಳಿವಿಜ್ಞಾನ ಶುರು ಮಾಡಿದರು.

ಗೋಧಿಯ ಪ್ರಯೋಗ ಅಂದರೆ ತಾಳ್ಮೆಯ ಕೆಲಸ. ಬಿತ್ತಬೇಕು, ಕಾಯಬೇಕು, ಕೊಯ್ಯಬೇಕು, ಎಣಿಸಬೇಕು. ಒಂದು ತಲೆಮಾರು ನೋಡುವುದಕ್ಕೆ ಒಂದು ಹಂಗಾಮು ಬೇಕು. ಹೀಗಿರುವಾಗ ಆಲಿಕಲ್ಲು ಮಳೆ ಬಿತ್ತು. ಪ್ರಯೋಗದ ಬೆಳೆ ಮಲಗಿತು. ರೈತರ ಮನೆಯಲ್ಲಿ ಹುಟ್ಟಿದವರಿಗೆ ಈ ನೋವು ವಿವರಿಸಬೇಕಾಗಿಲ್ಲ. ಆದರೆ ವಿಜ್ಞಾನಿಗೆ ಇದರಲ್ಲಿ ಇನ್ನೊಂದು ಪಾಠವೂ ಇತ್ತು. ವರ್ಷಕ್ಕೊಮ್ಮೆ ಉತ್ತರ ಕೊಡುವ ಜೀವಿಯನ್ನು ನೆಚ್ಚಿಕೊಂಡರೆ ಆಯುಷ್ಯದಲ್ಲಿ ಎಷ್ಟು ಪ್ರಶ್ನೆ ಕೇಳಬಹುದು?

ಸಿದ್ದಿಕಿ ಸ್ಕಾಟ್ಲೆಂಡಿನ ಗ್ಲಾಸ್ಗೊಗೆ ಹೋದರು. ಅಲ್ಲಿದ್ದವರು ತಳಿವಿಜ್ಞಾನಿ ಗ್ವಿಡೊ ಪಾಂಟೆಕೊರ್ವೊ. ಫ್ಯಾಸಿಸ್ಟರ ಇಟಲಿ ಬಿಟ್ಟು ಬಂದ ಯಹೂದಿ. ಅವರ ತಮ್ಮಂದಿರಲ್ಲಿ ಒಬ್ಬರು ಹೆಸರಾಂತ ಭೌತವಿಜ್ಞಾನಿ, ಇನ್ನೊಬ್ಬರು ಸಿನಿಮಾ ನಿರ್ದೇಶಕ. ಗ್ವಿಡೊ ಹಿಡಿದಿದ್ದು ಆಸ್ಪರ್ಜಿಲಸ್ ನಿಡುಲಾನ್ಸ್ ಎಂಬ ಬೂಸ್ಟು. ಮಳೆಗಾಲದಲ್ಲಿ ರೊಟ್ಟಿ, ಚಪ್ಪಲಿ ಮೇಲೆಲ್ಲ ಕಟ್ಟಿಕೊಳ್ಳುತ್ತದಲ್ಲ, ಆ ಜಾತಿಯದ್ದೇ. ಗೋಧಿಗೆ ತಿಂಗಳುಗಳು ಬೇಕಾದ ಕಡೆ ಇದಕ್ಕೆ ದಿನಗಳು ಸಾಕು. ಒಂದು ತಟ್ಟೆಯಲ್ಲಿ ಲಕ್ಷಗಟ್ಟಲೆ ಬೀಜಕಣ.

ಆಗ ಜೀನ್ ಬಗ್ಗೆ ಹಳೆಯ ಕಲ್ಪನೆ ಒಡೆಯುತ್ತಿತ್ತು. ಜೀನ್ ಅಂದರೆ ದಾರದಲ್ಲಿ ಪೋಣಿಸಿದ ಮಣಿ, ಮಣಿಯನ್ನು ಒಡೆಯೋಕಾಗಲ್ಲ ಅಂತ ಬಹಳ ಕಾಲ ನಂಬಿದ್ದರು. ಹಾಗಲ್ಲ, ಮಣಿಯ ಒಳಗೂ ಉದ್ದ ಇದೆ, ಅದರ ಮಧ್ಯದಲ್ಲೂ ಕತ್ತರಿಸಿ ಜೋಡಿಸಬಹುದು ಎಂದು ಹೇಳತೊಡಗಿದವರಲ್ಲಿ ಪಾಂಟೆಕೊರ್ವೊ ಒಬ್ಬರು. ಸಿದ್ದಿಕಿ ಒಂದೇ ಒಂದು ಜೀನ್ ತೆಗೆದುಕೊಂಡರು. ಪಾಬಾ-1 ಅದರ ಹೆಸರು. ಅದು ಕೆಟ್ಟರೆ ಬೂಸ್ಟಿಗೆ ಒಂದು ವಿಟಮಿನ್‌ನಂಥ ವಸ್ತುವನ್ನು ತಾನೇ ಮಾಡಿಕೊಳ್ಳೋಕಾಗಲ್ಲ. ಹೊರಗಿಂದ ಕೊಟ್ಟರೆ ಬದುಕುತ್ತದೆ, ಕೊಡದಿದ್ದರೆ ಇಲ್ಲ. ಹಾಗಾಗಿ ಯಾರು ಸರಿಹೋದರು, ಯಾರು ಹೋಗಲಿಲ್ಲ ಅಂತ ತಟ್ಟೆ ನೋಡಿದರೆ ಗೊತ್ತಾಗುತ್ತದೆ.

ಜೀನಿನ ಬೇರೆ ಬೇರೆ ಜಾಗದಲ್ಲಿ ಕೆಟ್ಟ ತಳಿಗಳನ್ನು ಒಂದಕ್ಕೊಂದು ಕೂಡಿಸಿ, ಮಕ್ಕಳಲ್ಲಿ ಎಷ್ಟು ಸರಿಹೋದವು ಎಂದು ಎಣಿಸುತ್ತ ಹೋದರು. ಆಗ ಕಂಡದ್ದು ಒಂದು ಇಳಿಜಾರು. ಜೀನಿನ ಒಂದು ತುದಿಯಲ್ಲಿ ಈ ಕೊಡುಕೊಳ್ಳುವಿಕೆ ಜಾಸ್ತಿ, ಇನ್ನೊಂದು ತುದಿಗೆ ಹೋದಂತೆ ಕಡಿಮೆ. ಬಟ್ಟೆ ಅಂಗಡಿಯವನು ಅಂಚಿನಲ್ಲಿ ಕತ್ತರಿ ಇಟ್ಟು ಸರ್ರನೆ ಎಳೆಯುವುದನ್ನು ನೆನಪಿಸಿಕೊಳ್ಳಿ. ನೂರು ತುಂಡು ಬಟ್ಟೆಯನ್ನು ಹೀಗೆ ಎಳೆದರೆ ಅಂಚಿನ ಹತ್ತಿರ ಎಲ್ಲವೂ ಹರಿದಿರುತ್ತವೆ. ದೂರ ಹೋದ ಹಾಗೆ ಕೆಲವು ನಿಂತುಬಿಡುತ್ತವೆ. ಹರಿಯುವಿಕೆಯ ಲೆಕ್ಕದಲ್ಲಿ ಇಳಿಜಾರು ಕಂಡರೆ ಕತ್ತರಿ ಎಲ್ಲಿಟ್ಟರು ಅಂತ ಊಹಿಸಬಹುದು. ಜೀನುಗಳ ಮರುಜೋಡಣೆಗೂ ಒಂದು ಶುರುವಾಗುವ ತುದಿ ಇದೆ ಅನ್ನುವುದಕ್ಕೆ ಇದು ಮೊದಮೊದಲ ಸುಳಿವುಗಳಲ್ಲಿ ಒಂದಾಯಿತು. ಈ ಕೆಲಸ 1962 ಮತ್ತು 1963ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಸಿದ್ದಿಕಿ ಬೂಸ್ಟು ಬಿಟ್ಟು ಅಮೆರಿಕ ಸೇರಿಯಾಗಿತ್ತು.

ವಾಕ್ಯದ ಮಧ್ಯೆ ಪೂರ್ಣವಿರಾಮ

ಅಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅಲನ್ ಗರೆನ್ ಜೊತೆ ಕೆಲಸ. ಜೀವಿ ಈಗ ಇ. ಕೋಲೈ, ನಮ್ಮ ಕರುಳಲ್ಲೇ ಇರುವ ಬ್ಯಾಕ್ಟೀರಿಯಾ. ಇದಕ್ಕೆ ತಲೆಮಾರು ದಾಟೋಕೆ ಇಪ್ಪತ್ತು ನಿಮಿಷ ಸಾಕು. ಗೋಧಿಯಿಂದ ಇಲ್ಲಿಗೆ ಎಷ್ಟು ದೂರ ಬಂದರು ನೋಡಿ.

ಆಗ ಜೆನೆಟಿಕ್ ಕೋಡ್ ಇನ್ನೂ ಬಿಡಿಸಿರಲಿಲ್ಲ. 1961ರಲ್ಲಿ ನಿರೆನ್‌ಬರ್ಗ್ ಮತ್ತು ಮಥಾಯ್ ಅದರ ಮೊದಲ ಪದವನ್ನು ಓದಿದ್ದರು ಅಷ್ಟೇ. ಮೂರು ಮೂರು ಅಕ್ಷರದ ಪದಗಳು, ಒಟ್ಟು 64. ಅದರಲ್ಲಿ 61 ಪದಗಳಿಗೆ ಅರ್ಥ ಇದೆ, ಒಂದೊಂದೂ ಒಂದು ಅಮೈನೊ ಆಮ್ಲವನ್ನು ಹೇಳುತ್ತದೆ. ಉಳಿದ ಮೂರು ಪೂರ್ಣವಿರಾಮಗಳು. ಇದೆಲ್ಲ ಈಗ ಪಿಯುಸಿ ಪುಸ್ತಕದಲ್ಲಿದೆ. ಆಗ ಯಾರಿಗೂ ಗೊತ್ತಿರಲಿಲ್ಲ.

ಗರೆನ್ ಮತ್ತು ಸಿದ್ದಿಕಿ ನೋಡುತ್ತಿದ್ದದ್ದು ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ. ಅದರ ಜೀನ್ ಕೆಟ್ಟ ಬ್ಯಾಕ್ಟೀರಿಯಾಗಳು ಕೈಯಲ್ಲಿದ್ದವು. ಒಂದೊಂದು ಒಂದೊಂದು ಜಾಗದಲ್ಲಿ ಕೆಟ್ಟಿದ್ದವು. ಈಗ ಬ್ಯಾಕ್ಟೀರಿಯಾದ ಬೇರೆಲ್ಲೋ, ಈ ಜೀನಿಗೆ ಸಂಬಂಧವೇ ಇಲ್ಲದ ಕಡೆ, ಇನ್ನೊಂದು ಬದಲಾವಣೆ ಆದರೆ ಕೆಲವು ತಳಿಗಳಲ್ಲಿ ಕಿಣ್ವ ಮತ್ತೆ ಬರುತ್ತಿತ್ತು. ಎಲ್ಲದರಲ್ಲೂ ಅಲ್ಲ, ಕೆಲವರಲ್ಲಿ ಮಾತ್ರ. ಬೇರೆ ಬೇರೆ ಜಾಗದಲ್ಲಿ ಕೆಟ್ಟವು ಒಂದೇ ಮದ್ದಿಗೆ ವಾಸಿಯಾದವು ಅಂದರೆ, ಅವೆಲ್ಲ ಕೆಟ್ಟ ರೀತಿ ಒಂದೇ ಇರಬೇಕು.

ಕನ್ನಡದ ಒಂದು ವಾಕ್ಯ ತೆಗೆದುಕೊಳ್ಳಿ. ‘ಅಜ್ಜಿ ಸಂತೆಗೆ. ಹೋಗಿ ಬೆಲ್ಲ ತಂದಳು.’ ಸಂತೆಯ ಪಕ್ಕ ಬೇಡದ ಪೂರ್ಣವಿರಾಮ ಬಿದ್ದಿದೆ. ಹೇಳಿದ್ದನ್ನು ಹೇಳಿದಂತೆ ಮಾಡುವ ಓದುಗ ಅಲ್ಲೇ ನಿಲ್ಲಿಸುತ್ತಾನೆ. ಬೆಲ್ಲ ಮನೆಗೆ ಬರುವುದಿಲ್ಲ. ಆದರೆ ಆ ಓದುಗನಿಗೇ ಸ್ವಲ್ಪ ಕಣ್ಣು ಮಂಜಾಗಿ ಪೂರ್ಣವಿರಾಮ ಕಾಣದೇ ಹೋದರೆ? ವಾಕ್ಯ ಪೂರ್ತಿ ಓದುತ್ತಾನೆ, ಬೆಲ್ಲ ಬರುತ್ತದೆ. ಚುಕ್ಕಿ ಯಾವ ಪುಟದಲ್ಲಿದ್ದರೂ ಇದೇ ಕಥೆ. ಆದರೆ ‘ಬೆಲ್ಲ’ದ ಬದಲು ‘ಕಲ್ಲು’ ಅಂತ ಅಚ್ಚಾಗಿದ್ದರೆ ಈ ಮಂಜುಗಣ್ಣು ಏನೂ ಸಹಾಯ ಮಾಡುವುದಿಲ್ಲ.

ಗರೆನ್, ಸಿದ್ದಿಕಿ 1962ರಲ್ಲಿ ಪ್ರಕಟಿಸಿದ್ದು ಇಂಥ ಮಂಜುಗಣ್ಣಿನ ಬದಲಾವಣೆಯ ಬಗ್ಗೆ. ಅದಕ್ಕೆ ಸಪ್ರೆಸರ್ ಅಂತ ಹೆಸರು. ಅದೇ ವರ್ಷ ಇನ್ನೊಂದು ದಾರಿಯಿಂದ ಸೀಮರ್ ಬೆಂಜರ್ ಮತ್ತು ಸೀವೆಲ್ ಚಾಂಪ್ ಕೂಡ ಅಲ್ಲಿಗೇ ಬಂದಿದ್ದರು. ಕೋಡಿನಲ್ಲಿ ಅರ್ಥವಿಲ್ಲದ ಪದಗಳೂ ಇವೆ, ಅವು ಬಂದಲ್ಲಿ ಪ್ರೋಟೀನ್ ಕಟ್ಟುವ ಕೆಲಸ ನಿಲ್ಲುತ್ತದೆ ಅನ್ನುವ ತಿಳಿವಿಗೆ ಇವು ದಾರಿ ಮಾಡಿದವು. ಬೆಂಜರ್ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಈ ಪ್ರಕರಣದ ತಿರುವು ಇಲ್ಲೇ ಇದೆ. 30 ವರ್ಷದ ಯುವಕ. ಅಮೆರಿಕದಲ್ಲಿ ಜೀವವಿಜ್ಞಾನದ ಅತ್ಯಂತ ಬಿಸಿ ವಿಷಯದ ನಟ್ಟನಡುವೆ ಇದ್ದಾನೆ. ಮುಂದಿನ ನಾಲ್ಕೈದು ವರ್ಷದಲ್ಲಿ ಕೋಡ್ ಪೂರ್ತಿ ಬಿಡಿಸಲಾಗುತ್ತದೆ, ನೊಬೆಲ್ ಬಹುಮಾನಗಳು ಬರುತ್ತವೆ. ಅಲ್ಲೇ ಇದ್ದಿದ್ದರೆ? ಅವರು ಮುಂಬೈಗೆ ಹೊರಟರು.

ಭೌತವಿಜ್ಞಾನಿಗಳ ಮನೆಯಲ್ಲಿ

ಮುಂಬೈಗೆ ಬರುವಂತೆ ಮಾಡಿದ್ದರಲ್ಲಿ ಲಿಯೊ ಝಿಲಾರ್ಡ್ ಪಾತ್ರ ಇದೆ. ಪರಮಾಣು ಸರಣಿ ಕ್ರಿಯೆಯ ಕಲ್ಪನೆ ಮೊದಲು ಹೊಳೆದದ್ದು ಇದೇ ಝಿಲಾರ್ಡ್‌ಗೆ. ಎರಡನೇ ಮಹಾಯುದ್ಧದ ನಂತರ ಅವರು ಜೀವವಿಜ್ಞಾನಕ್ಕೆ ತಿರುಗಿದ್ದರು. ಹೋಮಿ ಭಾಭಾ ಅವರಿಗೆ ಪರಿಚಯ. ಪಾಂಟೆಕೊರ್ವೊ ಬೆಂಬಲವೂ ಇತ್ತು. ಭಾಭಾ ಕರೆದರು. 1962ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್‌ನಲ್ಲಿ, ಅಂದರೆ ಟಿಐಎಫ್‌ಆರ್‌ನಲ್ಲಿ, ಮಾಲಿಕ್ಯುಲರ್ ಬಯಾಲಜಿ ಘಟಕ ಶುರುವಾಯಿತು.

ಟಿಐಎಫ್‌ಆರ್ ಗಣಿತ ಮತ್ತು ಭೌತವಿಜ್ಞಾನದ ಮನೆ. ಕಾಸ್ಮಿಕ್ ಕಿರಣ, ಕಂಪ್ಯೂಟರ್, ನಂಬರ್ ಥಿಯರಿ. ಅದೇ ವರ್ಷ ಕೊಲಾಬಾದಲ್ಲಿ ಸಮುದ್ರದ ಪಕ್ಕ ಅದರ ಹೊಸ ಕಟ್ಟಡವನ್ನು ನೆಹರೂ ಉದ್ಘಾಟಿಸಿದ್ದರು. ಅಂಥ ಕಡೆ ಬ್ಯಾಕ್ಟೀರಿಯಾ ಬೆಳೆಸುವವನಿಗೇನು ಕೆಲಸ? ಆದರೆ ಭಾಭಾ ಸಂಸ್ಥೆ ಕಟ್ಟುತ್ತಿದ್ದ ರೀತಿಯೇ ಬೇರೆ. ಮೊದಲು ಇಲಾಖೆ ಮಾಡಿ, ಖಾಲಿ ಹುದ್ದೆ ಘೋಷಿಸಿ, ಅರ್ಜಿ ಕರೆಯುವ ಪೈಕಿ ಅಲ್ಲ. ಮೊದಲು ಮನುಷ್ಯ ಸಿಗಬೇಕು, ಅವನ ಸುತ್ತ ಇಲಾಖೆ ಬೆಳೆಯಬೇಕು. ಅದೇ ಹೊತ್ತಿಗೆ ಅಮೆರಿಕದಿಂದ ಗೋವಿಂದ ಸ್ವರೂಪ್ ಅವರನ್ನು ಕರೆಸಿ ರೇಡಿಯೊ ಖಗೋಳವಿಜ್ಞಾನ ಶುರು ಮಾಡಿಸಿದ್ದೂ ಹೀಗೆಯೇ. ಊಟಿಯ ದೊಡ್ಡ ರೇಡಿಯೊ ದೂರದರ್ಶಕ ಬಂದದ್ದು ಆ ಕರೆಯಿಂದ.

ಒಂದು ಸಣ್ಣ ಅಡ್ಡಮಾತು. ಟಿಐಎಫ್‌ಆರ್ 1945ರಲ್ಲಿ ಹುಟ್ಟಿದ್ದು ಮುಂಬೈಯಲ್ಲಲ್ಲ, ಬೆಂಗಳೂರಿನಲ್ಲಿ. ಯುದ್ಧದ ಕಾಲಕ್ಕೆ ಭಾಭಾ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು, ಸಿ. ವಿ. ರಾಮನ್ ಅವರ ಭೌತವಿಜ್ಞಾನ ವಿಭಾಗದಲ್ಲಿ. ಕೆಲವೇ ತಿಂಗಳಲ್ಲಿ ಸಂಸ್ಥೆ ಮುಂಬೈಗೆ ಹೋಯಿತು. ನಮ್ಮವರು ಟಿಐಎಫ್‌ಆರ್ ಬಗ್ಗೆ ಮಾತಾಡುವಾಗ ಇದನ್ನು ಮರೆತೇಬಿಡುತ್ತಾರೆ.

1960ರ ದಶಕದ ಭಾರತದಲ್ಲಿ ಜೀವವಿಜ್ಞಾನದ ಪ್ರಯೋಗಾಲಯ ನಡೆಸುವುದು ಅಂದರೆ ಏನು ಎನ್ನುವುದನ್ನು ಈಗಿನವರಿಗೆ ಹೇಳುವುದು ಕಷ್ಟ. ಶುದ್ಧ ರಾಸಾಯನಿಕ, ರೇಡಿಯೊ ಐಸೊಟೋಪು, ಕಿಣ್ವ, ಎಲ್ಲವೂ ಹೊರಗಿಂದ ಬರಬೇಕು. ಡಾಲರಿಗೆ ಬರ. ಹೀಗಿರುವಾಗ ಭೌತವಿಜ್ಞಾನಿಗಳ ಸಂಸ್ಥೆಯಲ್ಲಿದ್ದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು ಅಂತ ನನ್ನ ಅನಿಸಿಕೆ. ಅಲ್ಲಿ ವರ್ಕ್‌ಶಾಪ್ ಇತ್ತು, ಎಲೆಕ್ಟ್ರಾನಿಕ್ಸ್ ಗೊತ್ತಿದ್ದವರಿದ್ದರು. ಬೇಕಾದ ಉಪಕರಣ ಸಿಗದಿದ್ದರೆ ಮಾಡಿಕೊಳ್ಳುವ ರೂಢಿ ಇತ್ತು. ‘ಇದರಿಂದ ಏನುಪಯೋಗ?’ ಅಂತ ಕೇಳುವ ರೂಢಿ ಮಾತ್ರ ಇರಲಿಲ್ಲ.

ಬಂದ ಸಹೋದ್ಯೋಗಿಗಳಿಗೂ ಅವರವರ ದಾರಿ. ಪಬಿತ್ರ ಮೈತ್ರ ಯೀಸ್ಟ್ ಹಿಡಿದರು. ಪಿ. ಬಾಬು ಮುಂದೆ ನೊಣ, ದುಂಡುಹುಳಗಳ ಜೆನೆಟಿಕ್ಸ್‌ಗೆ ಹೋದರು. ‘ಎಲ್ಲರೂ ನನ್ನ ಬ್ಯಾಕ್ಟೀರಿಯಾದ ಮೇಲೇ ಕೆಲಸ ಮಾಡಿ’ ಎಂದು ಸಿದ್ದಿಕಿ ಹೇಳಲಿಲ್ಲ. ಇದು ಸಣ್ಣ ವಿಷಯವಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ವಿಭಾಗಗಳು ಒಬ್ಬ ಗುರುವಿನ ವಿಷಯವನ್ನೇ ಮೂವತ್ತು ವರ್ಷ ಅರೆಯುತ್ತ ಕೂತಿರುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಸಿದ್ದಿಕಿ ತಾವು ಬ್ಯಾಕ್ಟೀರಿಯಾಗಳ ಕೂಡಾಟವನ್ನು ನೋಡುತ್ತಿದ್ದರು. ಎರಡು ಬ್ಯಾಕ್ಟೀರಿಯಾ ಹತ್ತಿರ ಬಂದು, ಸೇತುವೆ ಕಟ್ಟಿಕೊಂಡು, ಒಂದು ಇನ್ನೊಂದಕ್ಕೆ ಡಿಎನ್‌ಎ ದಾಟಿಸುತ್ತದೆ. ದಾಟಿ ಬಂದ ಡಿಎನ್‌ಎ ನಿಜವಾಗಿ ಹೊಸ ಮನೆಯ ಡಿಎನ್‌ಎಯೊಳಗೆ ಸೇರಿಕೊಳ್ಳುತ್ತದಾ, ಅಥವಾ ಅದನ್ನು ನೋಡಿ ನಕಲು ಮಾತ್ರ ಮಾಡಿಕೊಳ್ಳುತ್ತದಾ? ದಾನಿಯ ಡಿಎನ್‌ಎಗೆ ಗುರುತು ಹಚ್ಚಿ ಕಳಿಸಿ, ಆ ಗುರುತು ಎಲ್ಲಿ ಹೋಯಿತು ಅಂತ ಹಿಂಬಾಲಿಸುವ ಕೆಲಸ ಇದು. 1963ರಲ್ಲೇ ಇದರ ಒಂದು ಲೇಖನ ಬಂತು. ಎಂಐಟಿಯ ಮಾರಿಸ್ ಫಾಕ್ಸ್ ಜೊತೆಗಿನ ದೊಡ್ಡ ಲೇಖನ ಬಂದದ್ದು 1973ರಲ್ಲಿ. ದಾನಿಯ ಎಳೆ ಹೋಗಿ ಸೇರಿಕೊಳ್ಳುತ್ತದೆ ಎಂದು ತೋರಿಸಿದ ಕೆಲಸ.

1966ರ ಜನವರಿ 24ರಂದು ಮೋಂ ಬ್ಲಾಂ ಶಿಖರಕ್ಕೆ ವಿಮಾನ ಬಡಿದು ಭಾಭಾ ತೀರಿಕೊಂಡರು. ಕರೆಸಿದ ಮನುಷ್ಯನೇ ಹೋದ ಮೇಲೆ ಎಷ್ಟೋ ಘಟಕಗಳು ಒಣಗಿಹೋಗುತ್ತವೆ. ಇದು ಒಣಗಲಿಲ್ಲ.

ಬಿಸಿಗೆ ಬೀಳುವ ನೊಣ

ಸಿದ್ದಿಕಿಗೆ 40 ಸಮೀಪಿಸಿದಾಗ ಅವರು ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್‌ಗೆ ಸಂದರ್ಶಕರಾಗಿ ಹೋದರು. ಅಲ್ಲಿದ್ದವರು ಅದೇ ಬೆಂಜರ್. ಬೆಂಜರ್ ಭೌತವಿಜ್ಞಾನ ಓದಿ ವೈರಸ್‌ಗಳಿಗೆ ಬಂದವರು. ಒಂದು ಜೀನಿನ ಒಳಗನ್ನು ಎಳೆಎಳೆಯಾಗಿ ನಕ್ಷೆ ಮಾಡಿದವರು. ಆಮೇಲೆ ಅದನ್ನೆಲ್ಲ ಬಿಟ್ಟು ನೊಣದ ನಡವಳಿಕೆಗೆ ಇಳಿದಿದ್ದರು. ಸಿದ್ದಿಕಿ ಬೂಸ್ಟಿನಲ್ಲಿ ಮಾಡಿದ್ದೂ ಅದೇ ಬಗೆಯ ನಕ್ಷೆ. ಇಬ್ಬರೂ ಒಂದೇ ಊರಿನಿಂದ ಹೊರಟು ಇನ್ನೊಂದು ಊರಲ್ಲಿ ಸಿಕ್ಕಿದ ಹಾಗೆ.

ಬಿಎಸ್ಸಿಯಲ್ಲಿ ಝೂವಾಲಜಿ ಓದಿದವರಿಗೆ ಡ್ರೊಸೊಫಿಲಾ ಪರಿಚಯ ಇರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದರ ತಳಿಗಳನ್ನು ಕಾಪಾಡುವ ಕೇಂದ್ರವೇ ಇದೆ. ಕೆಂಪು ಕಣ್ಣು, ಬಿಳಿ ಕಣ್ಣು, ಸುರುಟಿದ ರೆಕ್ಕೆ ಎಂದು ಎಣಿಸಿ ರೆಕಾರ್ಡ್ ಬರೆದ ನೆನಪು ಬಹಳ ಜನಕ್ಕೆ ಇರಬಹುದು. ಬೆಂಜರ್ ಕೇಳಿದ್ದು ಬೇರೆ ಪ್ರಶ್ನೆ. ಕಣ್ಣಿನ ಬಣ್ಣಕ್ಕೆ ಜೀನ್ ಇದ್ದಂತೆ ನಡವಳಿಕೆಗೂ ಇರಬೇಕಲ್ಲ? ಒಂದು ಜೀನ್ ಕೆಡಿಸಿ, ನೊಣ ಏನು ಮಾಡಲಾಗದೇ ಹೋಗುತ್ತದೆ ಅಂತ ನೋಡಿದರೆ?

ನರಗಳ ವಿಷಯದಲ್ಲಿ ಇದಕ್ಕೊಂದು ತೊಡಕಿದೆ. ನರ ಕೆಲಸ ಮಾಡೋಕೆ ಬೇಕೇಬೇಕಾದ ಜೀನ್ ಕೆಡಿಸಿದರೆ ಮರಿ ಮೊಟ್ಟೆಯಿಂದಲೇ ಹೊರಗೆ ಬರುವುದಿಲ್ಲ. ಸತ್ತ ಮೊಟ್ಟೆಯಿಂದ ಏನು ಕಲಿಯುವುದು? ಅದಕ್ಕೆ ಉಪಾಯ, ಬಿಸಿಗೆ ಮಾತ್ರ ಕೆಡುವ ಜೀನ್. ಮಾಮೂಲಿ ತಾಪದಲ್ಲಿ ನೊಣ ಹುಟ್ಟುತ್ತದೆ, ಬೆಳೆಯುತ್ತದೆ, ಹಾರುತ್ತದೆ. ಸ್ವಲ್ಪ ಬಿಸಿ ಮಾಡಿದರೆ ದೊಪ್ಪನೆ ಬೀಳುತ್ತದೆ. ತಣ್ಣಗೆ ಮಾಡಿದರೆ ಏಳುತ್ತದೆ. ನರಕ್ಕೆ ಸ್ವಿಚ್ ಸಿಕ್ಕಿದ ಹಾಗೆ. ಬಿಸಿ ಮಾಡಿದರೆ ಬೀಳುವ ನೊಣವೊಂದನ್ನು ಕೆನಡಾದ ಡೇವಿಡ್ ಸುಜುಕಿ ಗುಂಪು 1971ರಲ್ಲೇ ಕಂಡುಕೊಂಡಿತ್ತು. ಪಾರ್ಶ್ವವಾಯು ಹೊಡೆದಂತೆ ಬೀಳುವ ಅದಕ್ಕೆ ‘ಪ್ಯಾರಾ’ ಅಂತ ಹೆಸರು.

ಸಿದ್ದಿಕಿ ಇನ್ನೊಂದನ್ನು ಹಿಡಿದರು. ಪ್ಯಾರಾ ನೊಣ ತಣ್ಣಗಾದ ತಕ್ಷಣ ಎದ್ದು ಓಡುತ್ತದೆ. ಇದು ಹಾಗಲ್ಲ. ಸುಮಾರು 38 ಡಿಗ್ರಿಗೆ ಬಿದ್ದರೆ, ತಣ್ಣಗಾದ ಮೇಲೂ ಬಹಳ ಹೊತ್ತು ಎಚ್ಚರ ಇಲ್ಲ. ಅದಕ್ಕೇ ಇಟ್ಟ ಹೆಸರು ‘ಕೋಮಟೋಸ್’, ಅಂದರೆ ಕೋಮಾದಲ್ಲಿರುವುದು. ನೊಣ ಹಿಡಿಯುವವರು ಹೆಸರಿಡುವುದರಲ್ಲಿ ಜಾಣರು. ಸಿದ್ದಿಕಿ ಮತ್ತು ಬೆಂಜರ್ ಈ ನೊಣಗಳ ನರ, ಸ್ನಾಯುಗಳಲ್ಲಿ ವಿದ್ಯುತ್ ಸಂಕೇತ ಎಲ್ಲಿ ನಿಲ್ಲುತ್ತದೆ ಎಂದು ಅಳೆದು 1976ರಲ್ಲಿ ಪ್ರಕಟಿಸಿದರು. ಅದೇ ವರ್ಷ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು.

ಇಷ್ಟು ಹೊತ್ತಿಗೆ ನನಗೆ ಈ ಪ್ರಕರಣದ ಎಳೆ ಸಿಕ್ಕಿತು. ಜೀವಿ ಮೂರು ಸಲ ಬದಲಾಯಿತು. ಕೈಯಲ್ಲಿದ್ದ ಆಯುಧ ಬದಲಾಗಲೇ ಇಲ್ಲ. ಒಂದು ಜೀನ್ ಕೆಟ್ಟಿರುವ ತಳಿ ಹುಡುಕು, ಏನು ತಪ್ಪಿತು ನೋಡು, ಅದರಿಂದ ಸರಿಯಿದ್ದದ್ದು ಹೇಗೆ ಕೆಲಸ ಮಾಡುತ್ತಿತ್ತು ಅಂತ ತಿಳಿದುಕೋ. ಬೂಸ್ಟಿಗೂ ಅದೇ, ಬ್ಯಾಕ್ಟೀರಿಯಾಕ್ಕೂ ಅದೇ, ನೊಣಕ್ಕೂ ಅದೇ. ಹೊರಗಿಂದ ನೋಡಿದವರಿಗೆ ಊರೂರು ಅಲೆಯುವವರಂತೆ ಕಂಡರು. ಒಳಗಿಂದ ನೋಡಿದರೆ ಒಂದೇ ಉಳಿ ಹಿಡಿದು ಬೇರೆ ಬೇರೆ ಕಲ್ಲಿನ ಮುಂದೆ ಕೂತ ಶಿಲ್ಪಿ.

ಡಬ್ಲಿನ್ನಿನ ಹುಡುಗಿ

ನೈರೋಬಿಯಲ್ಲಿ ಗೋವಾ ಮೂಲದ ಮನೆಯಲ್ಲಿ 1953ರಲ್ಲಿ ಹುಟ್ಟಿದ ಹುಡುಗಿ ವೆರೊನಿಕಾ ರಾಡ್ರಿಗ್ಸ್. ಕಾಲೇಜು ಶುರು ಮಾಡಿದ್ದು ಉಗಾಂಡಾದ ಮಕೆರೆರೆಯಲ್ಲಿ. ಅಲ್ಲಿಂದ ಐರ್ಲೆಂಡಿನ ಡಬ್ಲಿನ್‌ಗೆ, ಟ್ರಿನಿಟಿ ಕಾಲೇಜಿಗೆ. ಅಲ್ಲಿ ಓದುವಾಗ ಬ್ಯಾಕ್ಟೀರಿಯಾ ಕೂಡಾಟದ ಬಗ್ಗೆ ಸಿದ್ದಿಕಿ ಬರೆದದ್ದು ಕಣ್ಣಿಗೆ ಬಿತ್ತು. ಪತ್ರ ಬರೆದಳು. 1977ರಲ್ಲಿ ಮುಂಬೈಗೆ ಬಂದಳು. ಭಾರತದಿಂದ ಹೊರಗೆ ಹೋಗುವವರ ಸಾಲೇ ಇದ್ದ ಕಾಲದಲ್ಲಿ ಎದುರು ದಿಕ್ಕಿನ ಪಯಣ. ಬಂದಾಗ ಬ್ಯಾಕ್ಟೀರಿಯಾ ಬದಿಗೆ ಸರಿದಿತ್ತು, ನೊಣ ಬಂದಿತ್ತು.

ಇಬ್ಬರೂ ಹಿಡಿದದ್ದು ವಾಸನೆ ಮತ್ತು ರುಚಿ. ಮೂಗಿನ ವಿಷಯದಲ್ಲಿ ಆಗ ಯಾರಿಗೂ ಹೆಚ್ಚೇನೂ ಗೊತ್ತಿರಲಿಲ್ಲ. ಕಣ್ಣು ಮೂರು ಬಣ್ಣದ ಗ್ರಾಹಕಗಳಿಂದ, ಅಂದರೆ ಬಣ್ಣ ಹಿಡಿಯುವ ಅಣುಗಳಿಂದ, ಸಾವಿರ ಬಣ್ಣ ಕಾಣುತ್ತದೆ. ಮೂಗು? ಮೂರ್ನಾಲ್ಕು ಮೂಲ ವಾಸನೆಗಳು ಸಾಕಾ, ನೂರಾರು ಬೇಕಾ? ಮಲ್ಲಿಗೆ, ಸಗಣಿ, ಒಗ್ಗರಣೆ, ಮೊದಲ ಮಳೆಯ ಮಣ್ಣು. ಇವನ್ನೆಲ್ಲ ಬೇರೆ ಬೇರೆ ಅಂತ ಯಾವ ಯಂತ್ರ ಹೇಳುತ್ತದೆ?

ಪ್ರಯೋಗ ತುಂಬ ಸರಳ. ಎರಡು ಕವಲಿನ ಗಾಜಿನ ಕೊಳವೆ. ಒಂದು ಕವಲಲ್ಲಿ ವಾಸನೆ, ಇನ್ನೊಂದರಲ್ಲಿ ಬರಿ ಗಾಳಿ. ನೊಣ ಯಾವ ಕಡೆ ಹೋಗುತ್ತದೆ? ವಾಸನೆ ಇರುವ ಕಡೆಗೂ ಇಲ್ಲದ ಕಡೆಗೂ ಸಮಸಮ ಹೋದರೆ ಮೂಗು ಕೆಟ್ಟಿದೆ ಎಂದರ್ಥ. ಹೀಗೆ ಸಾವಿರಾರು ನೊಣ ಸೋಸಿ, ವಾಸನೆ ಗೊತ್ತಾಗದ ತಳಿಗಳನ್ನು ಹುಡುಕಿದರು. 1978ರಲ್ಲಿ ಮೊದಲ ಲೇಖನ ಬಂತು. ಅದನ್ನು ಅಚ್ಚು ಹಾಕಿದ್ದು ಬೆಂಗಳೂರಿನಲ್ಲಿ ಕಚೇರಿ ಇರುವ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆ. ದೊಡ್ಡ ವಿದೇಶಿ ಪತ್ರಿಕೆಯ ಬಾಗಿಲು ತಟ್ಟದೆ ಇಲ್ಲಿಯೇ ಪ್ರಕಟಿಸಿದ್ದು ನನಗೆ ಇಷ್ಟವಾಗುವ ಸಂಗತಿ.

ಸಿಕ್ಕ ತಳಿಗಳಲ್ಲಿ ಮುಖ್ಯವಾದದ್ದೇನೆಂದರೆ, ಕೆಲವಕ್ಕೆ ಪೂರ್ತಿ ಮೂಗು ಕಟ್ಟಿರಲಿಲ್ಲ. ಒಂದು ಬಗೆಯ ರಾಸಾಯನಿಕದ ವಾಸನೆ ತಿಳಿಯದು, ಇನ್ನೊಂದರದ್ದು ಚೆನ್ನಾಗಿ ತಿಳಿಯುತ್ತದೆ. ಅಂದರೆ ಬೇರೆ ಬೇರೆ ವಾಸನೆಗೆ ಬೇರೆ ಬೇರೆ ದಾರಿ ಇರಬೇಕು, ಒಂದೊಂದು ದಾರಿಗೂ ಅದರದ್ದೇ ಜೀನ್ ಇರಬೇಕು. ರುಚಿಯಲ್ಲೂ ಹಾಗೆ. ಸಕ್ಕರೆಗಳಲ್ಲಿ ಒಂದು ಗುಂಪನ್ನು ಮಾತ್ರ ಗುರುತಿಸಲಾರದ ನೊಣವನ್ನು 1981ರಲ್ಲಿ ವಿವರಿಸಿದರು.

ನಡುವೆ ಇನ್ನೊಂದು ಕೆಲಸ ನಡೆದಿತ್ತು. 1975ರಲ್ಲಿ ಮಹಾಬಲೇಶ್ವರದಲ್ಲಿ ಆಧುನಿಕ ಜೀವವಿಜ್ಞಾನದ ವಿಚಾರ ಸಂಕಿರಣಗಳನ್ನು ಶುರು ಮಾಡಿದರು. ನಮ್ಮ ಕೃಷ್ಣೆ ಹುಟ್ಟುವ ಊರು. ಹೊರದೇಶದ ದೊಡ್ಡವರು, ಇಲ್ಲಿನ ಚಿಕ್ಕವರು, ಒಂದೇ ಕಡೆ ಉಳಿದು ಕೆಲವು ದಿನ ಮಾತಾಡುವುದು. ವಿದೇಶಕ್ಕೆ ಹೋಗೋಕೆ ದುಡ್ಡಿಲ್ಲದ ವಿದ್ಯಾರ್ಥಿಗೆ ವಿದೇಶವೇ ಬೆಟ್ಟಕ್ಕೆ ಬಂದ ಹಾಗೆ. 1979ರ ಡಿಸೆಂಬರಿನಲ್ಲಿ ಟಿಐಎಫ್‌ಆರ್‌ನಲ್ಲೇ ನೊಣದ ನರವಿಜ್ಞಾನದ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದರ ಲೇಖನಗಳನ್ನು ಸಿದ್ದಿಕಿ, ಬಾಬು ಜೊತೆಗೂಡಿ ಸಂಪಾದಿಸಿದವರಲ್ಲಿ ಜೆಫ್ರಿ ಹಾಲ್ ಒಬ್ಬರು. ನೊಣದ ದೇಹದೊಳಗಿನ ಗಡಿಯಾರ ಬಿಡಿಸಿದ್ದಕ್ಕೆ 2017ರಲ್ಲಿ ನೊಬೆಲ್ ಹಂಚಿಕೊಂಡವರು ಅವರೇ.

ಬೆಂಗಳೂರು

1980ರ ದಶಕದಲ್ಲಿ ಕೊಲಾಬಾದ ಜಾಗ ಸಾಲದಾಯಿತು. ಜೀವವಿಜ್ಞಾನಕ್ಕೆ ಬೇರೆ ಮನೆಯೇ ಬೇಕು ಎಂಬ ಯೋಚನೆ ಬೆಳೆಯಿತು. ಆಗ ಟಿಐಎಫ್‌ಆರ್ ನಿರ್ದೇಶಕರಾಗಿದ್ದವರು ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್, ಕಾಸ್ಮಿಕ್ ಕಿರಣದ ವಿಜ್ಞಾನಿ. 1987ರವರೆಗೆ ಆ ಕುರ್ಚಿಯಲ್ಲಿದ್ದರು. ಕೊನೆಗೆ ಹೊಸ ಕೇಂದ್ರಕ್ಕೆ ಜಾಗ ಸಿಕ್ಕಿದ್ದು ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ. ಗೋಧಿ ಹೊಲದಲ್ಲಿ ಶುರುವಾದ ಬದುಕು ಮತ್ತೆ ಕೃಷಿ ಸಂಸ್ಥೆಯ ಹೊಲದ ಪಕ್ಕಕ್ಕೇ ಬಂತು.

ಕಟ್ಟಡ ಏಳುವವರೆಗೆ ಕೇಂದ್ರ ನಡೆದದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, 1990ರ ದಶಕದ ಆರಂಭದಿಂದ. ಟಿಐಎಫ್‌ಆರ್ ತಾನೂ ಹುಟ್ಟಿದ ಆವರಣ ಅದು. ಜಿಕೆವಿಕೆಯ ಕಟ್ಟಡ ವಿನ್ಯಾಸ ಮಾಡಿದ್ದು ರಾಜ್ ರೇವಾಲ್.

ಆಡಳಿತದ ಹೊಣೆ ಮುಂದೆ ಕೆ. ವಿಜಯರಾಘವನ್ ಅವರಿಗೆ ಹೋಯಿತು. ಐಐಟಿ ಕಾನ್ಪುರದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ, ಟಿಐಎಫ್‌ಆರ್‌ನಲ್ಲಿ ಜೀವವಿಜ್ಞಾನದ ಪಿಎಚ್‌ಡಿ ಮಾಡಿದವರು. ಕೋವಿಡ್ ಕಾಲದಲ್ಲಿ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರಾಗಿ ಟಿವಿಯಲ್ಲಿ ನೋಡಿರುತ್ತೀರಿ. ವೆರೊನಿಕಾ ಮುಂಬೈಯಲ್ಲಿ ವಿಭಾಗ ನಡೆಸಿ, ಆಮೇಲೆ ಬೆಂಗಳೂರಿಗೆ ಬಂದರು. 2010ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಗುರುವಿಗಿಂತ ಮೊದಲು ಶಿಷ್ಯೆ.

ಪ್ರಶಸ್ತಿಗಳ ಪಟ್ಟಿ ಉದ್ದ ಇದೆ. ರಾಯಲ್ ಸೊಸೈಟಿ 1984, ಅದೇ ವರ್ಷ ಪದ್ಮಭೂಷಣ, ಅಮೆರಿಕದ ರಾಷ್ಟ್ರೀಯ ಅಕಾಡೆಮಿ 2003, ಪದ್ಮವಿಭೂಷಣ 2006. ಸರೋದ್ ನುಡಿಸುತ್ತಿದ್ದರು ಅನ್ನುವುದು ನನಗೆ ಇದಕ್ಕಿಂತ ಹೆಚ್ಚು ಹೇಳುತ್ತದೆ.

ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೈತಪ್ಪಿದ್ದೇನು?

ಬಹಳ ಇದೆ. ವಾಸನೆ ಗ್ರಾಹಕಗಳ ಜೀನುಗಳ ದೊಡ್ಡ ಕುಟುಂಬವನ್ನು 1991ರಲ್ಲಿ ಇಲಿಗಳಲ್ಲಿ ಕಂಡುಹಿಡಿದವರು ಅಮೆರಿಕದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್. 2004ರಲ್ಲಿ ನೊಬೆಲ್ ಅವರಿಗೆ ಬಂತು. ನೊಣದ ವಾಸನೆ ಗ್ರಾಹಕಗಳು ಸಿಕ್ಕಿದ್ದು 1999ರಲ್ಲಿ, ಅದೂ ಅಮೆರಿಕದಲ್ಲೇ. ಪ್ಯಾರಾ ಜೀನ್ ನರದ ಸೋಡಿಯಂ ಚಾನೆಲ್ಲಿನದು, ಅಂದರೆ ಸಂಕೇತ ಹರಿಯುವಾಗ ಸೋಡಿಯಂ ಒಳಗೆ ಬಿಡುವ ಕಿಂಡಿಯದು, ಎಂದು 1989ರಲ್ಲಿ ಗೊತ್ತಾದದ್ದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಮುಂಬೈಯ ಗುಂಪು ಜೀನ್ ಇದೆ ಅಂತ ಬಾಗಿಲು ತೋರಿಸಿತು. ಬೀಗ ತೆಗೆದು ಒಳಗೆ ಹೋದವರು ಬೇರೆಯವರು.

ಕಾರಣಗಳನ್ನು ಹುಡುಕುವುದು ಕಷ್ಟವಲ್ಲ. ಕೆಟ್ಟ ತಳಿ ಹುಡುಕುವುದಕ್ಕೆ ಬೇಕಿದ್ದದ್ದು ಶೀಸೆ, ಕೊಳವೆ, ಬುದ್ಧಿ, ತಾಳ್ಮೆ. ಜೀನನ್ನೇ ಹೊರತೆಗೆದು ಓದುವುದಕ್ಕೆ 1980ರ ದಶಕದಲ್ಲಿ ಬೇಕಿದ್ದದ್ದು ದುಬಾರಿ ಕಿಣ್ವ, ವಾರದೊಳಗೆ ಬರುವ ರಾಸಾಯನಿಕ, ಹತ್ತಾರು ಕೈ. ಆ ಓಟದಲ್ಲಿ ಭಾರತದಿಂದ ಗೆಲ್ಲುವುದು ಕಷ್ಟವಿತ್ತು. ಆದರೆ ಪೂರ್ತಿ ಕಾರಣ ಅದೊಂದೇ ಅಂತ ನಾನು ಒಪ್ಪುವುದಿಲ್ಲ. ಅದೇ 1980ರ ದಶಕದ ದೊಡ್ಡ ಭಾಗ ಅವರಿಗೆ ಸಂಸ್ಥೆ ಕಟ್ಟುವ ಫೈಲುಗಳಲ್ಲಿ ಹೋಯಿತು. ನೆಲ, ಮಂಜೂರಾತಿ, ಹುದ್ದೆ, ನಕ್ಷೆ. ಆ ಸಮಯವನ್ನು ನೊಣಕ್ಕೆ ಕೊಟ್ಟಿದ್ದರೆ ಏನಾಗುತ್ತಿತ್ತೋ. ಎರಡನ್ನೂ ಒಬ್ಬನೇ ಮನುಷ್ಯ ಮಾಡಬೇಕಾಗಿ ಬಂದದ್ದು ಅವರ ತಪ್ಪಲ್ಲ, ಆ ಕಾಲದ ಬಡತನ. ಇವತ್ತು ಜಿಕೆವಿಕೆಯ ಆ ಕಲ್ಲಿನ ಕಟ್ಟಡದಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ಆ ಆಯ್ಕೆ ಮಾಡಬೇಕಾಗಿಲ್ಲ. ಅವರ ಪಾಲಿಗೆ ಫೈಲನ್ನು ಸಿದ್ದಿಕಿ ಮೊದಲೇ ಹೊತ್ತು ಮುಗಿಸಿದ್ದರು.

ನಿವೃತ್ತಿಯ ನಂತರವೂ ಅವರು ಅಲ್ಲೇ ಪ್ರಯೋಗಾಲಯ ಇಟ್ಟುಕೊಂಡಿದ್ದರು. ನೊಣ ವಾಸನೆಯನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ ಅನ್ನುವುದು ಕೊನೆಕೊನೆಯ ಪ್ರಶ್ನೆ. 2013ರ ಜುಲೈಯಲ್ಲಿ ಮನೆ ಹತ್ತಿರ ರಸ್ತೆ ಅಪಘಾತವಾಯಿತು. ಕೆಲವು ದಿನಗಳ ನಂತರ, ಜುಲೈ 26ರಂದು, ಬೆಂಗಳೂರಿನಲ್ಲಿ ತೀರಿಕೊಂಡರು. 81 ವರ್ಷ.

ಕೋಮಟೋಸ್ ನೊಣದ ಕಥೆ ಮಾತ್ರ ಬಾಕಿ ಇತ್ತು. ಅದರ ಜೀನನ್ನು 1995ರಲ್ಲಿ ಅಮೆರಿಕದವರು ಓದಿದ್ದರು. ಎನ್‌ಎಸ್‌ಎಫ್ ಎಂಬ ಪ್ರೋಟೀನಿನದು ಅದು. ನರದ ತುದಿಯಲ್ಲಿ ಸಂಕೇತದ ರಾಸಾಯನಿಕ ತುಂಬಿದ ಪುಟ್ಟ ಚೀಲಗಳು ಒಡೆದು ಸುರಿಯುತ್ತವೆ. ಸುರಿದ ಮೇಲೆ ಅಲ್ಲಿ ಸಿಕ್ಕಿಕೊಂಡ ಕೊಂಡಿಗಳನ್ನು ಬಿಡಿಸಿ ಮುಂದಿನ ಸಲಕ್ಕೆ ಸಿದ್ಧ ಮಾಡುವುದು ಎನ್‌ಎಸ್‌ಎಫ್. ಬಿಸಿಗೆ ಅದು ಕೆಟ್ಟರೆ ಕೊಂಡಿಗಳು ಸಿಕ್ಕಿಕೊಂಡೇ ಉಳಿಯುತ್ತವೆ, ನೊಣ ಬಿದ್ದು ಬಹಳ ಹೊತ್ತು ಏಳುವುದಿಲ್ಲ. ಇದೇ ಎನ್‌ಎಸ್‌ಎಫ್ ಅನ್ನು ಜೀವಕೋಶಗಳಿಂದ ಬೇರೆ ಮಾಡಿ ತೆಗೆದಿದ್ದವರು ಜೇಮ್ಸ್ ರಾಥ್‌ಮನ್ ಗುಂಪು. ಕೋಶದೊಳಗಿನ ಚೀಲಗಳ ಸಾಗಾಟದ ಯಂತ್ರವನ್ನು ಬಿಡಿಸಿದ್ದಕ್ಕೆ ರಾಥ್‌ಮನ್ ಸೇರಿ ಮೂವರಿಗೆ ನೊಬೆಲ್ ಘೋಷಣೆಯಾದದ್ದು 2013ರ ಅಕ್ಟೋಬರ್ 7ರಂದು. ಸಿದ್ದಿಕಿ ಹೋಗಿ ಎರಡೂವರೆ ತಿಂಗಳಾಗಿತ್ತು.